ಬೀದಿಗಳಿಗೆ ಬಣ್ಣದ ಬೆಳಕು ತಂದ ಜಾರ್ಜ್ ಕ್ಲೋಡ್

1910ರ ಡಿಸೆಂಬರ್ ತಿಂಗಳು. ಪ್ಯಾರಿಸ್ ನಗರದ ಗ್ರ್ಯಾಂಡ್ ಪ್ಯಾಲೆ ಭವನದಲ್ಲಿ ಮೋಟಾರು ವಾಹನಗಳ ಪ್ರದರ್ಶನ ಏರ್ಪಟ್ಟಿತ್ತು. ಹೊಸ ಕಾರುಗಳ ಜೊತೆಯಲ್ಲಿ ಅಲ್ಲಿಗೆ ಬಂದವರ ಗಮನ ಸೆಳೆದದ್ದು ತಲಾ 12 ಮೀಟರ್ ಉದ್ದದ ಎರಡು ಗಾಜಿನ ಕೊಳವೆಗಳು. ಅವುಗಳೊಳಗೆ ಕಾದು ಕೆಂಪಾಗುವ ತಂತಿ ಇರಲಿಲ್ಲ, ಉರಿಯುವ ಜ್ವಾಲೆಯೂ ಇರಲಿಲ್ಲ. ಆದರೂ ಅವು ತುದಿಯಿಂದ ತುದಿಯವರೆಗೆ ಕಿತ್ತಳೆಗೆಂಪು ಬಣ್ಣದಲ್ಲಿ ಬೆಳಗುತ್ತಿದ್ದವು. ಕೊಳವೆಯೊಳಗಿದ್ದುದು ನಿಯಾನ್ ಎಂಬ ಅನಿಲ. ಅದನ್ನು ಗಾಳಿಯಿಂದ ಹೆಕ್ಕಿ ತೆಗೆದು ಗಾಜಿನಲ್ಲಿ ಬಂಧಿಸಿ ಬೆಳಗಿಸಿದಾತ ಜಾರ್ಜ್ ಕ್ಲೋಡ್.

ಅಂದು ಆತನ ವಯಸ್ಸು 40. ಮುಂದಿನ ಎರಡು ದಶಕಗಳಲ್ಲಿ ಆತನ ಕೊಳವೆಗಳು ಜಗತ್ತಿನ ಮಹಾನಗರಗಳ ರಾತ್ರಿಯ ಚಹರೆಯನ್ನೇ ಬದಲಿಸಿದವು. ಶತಮಾನದ ಕೊನೆಯಲ್ಲಿ ಗೋಡೆಗೆ ತೂಗುವ ಪ್ಲಾಸ್ಮಾ ಟಿವಿಗಳು ಮನೆಗಳಿಗೆ ಬಂದಾಗ ಅವುಗಳ ಒಳಗೂ ಇದ್ದದ್ದು ಅದೇ ಅನಿಲ, ಅದೇ ತತ್ವ. ಆದರೆ ಆ ಬೆಳಕಿನ ಜನಕನ ಹೆಸರು ಮಾತ್ರ ಸ್ವದೇಶದಲ್ಲೇ ದೀರ್ಘಕಾಲ ಮಬ್ಬಿನಲ್ಲಿ ಉಳಿಯಿತು. ಅದಕ್ಕೆ ಕಾರಣ ಆತನ ವಿಜ್ಞಾನವಲ್ಲ, ವೃದ್ಧಾಪ್ಯದಲ್ಲಿ ಆತ ಹಿಡಿದ ಹಾದಿ.

ಒಂದು ಕೆಲಸದಿಂದ ಇನ್ನೊಂದಕ್ಕೆ

ಜಾರ್ಜ್ ಕ್ಲೋಡ್ ಜನಿಸಿದ್ದು 1870ರ ಸೆಪ್ಟೆಂಬರ್ 24ರಂದು, ಪ್ಯಾರಿಸ್ಸಿನಲ್ಲಿ. ಆತ ಓದಿದ್ದು ಅದೇ ನಗರದ ಔದ್ಯೋಗಿಕ ಭೌತ ಮತ್ತು ರಸಾಯನ ವಿಜ್ಞಾನ ಶಾಲೆಯಲ್ಲಿ. ಪಿಯರ್ ಕ್ಯೂರಿ ಕೆಲಸ ಮಾಡುತ್ತಿದ್ದುದು ಅಲ್ಲಿಯೇ. ರೇಡಿಯಂ ಕಾಣಿಸಿಕೊಂಡದ್ದೂ ಮುಂದೆ ಅದೇ ಶಾಲೆಯ ಅಂಗಳದಲ್ಲಿ. ಪುಸ್ತಕದ ಸಿದ್ಧಾಂತವನ್ನು ಕಾರ್ಖಾನೆಯ ಕೆಲಸಕ್ಕೆ ಇಳಿಸಬಲ್ಲವರನ್ನು ತಯಾರು ಮಾಡುವುದೇ ಆ ಸಂಸ್ಥೆಯ ಉದ್ದೇಶವಾಗಿತ್ತು. ಕ್ಲೋಡ್ ಆ ಉದ್ದೇಶಕ್ಕೆ ತಕ್ಕ ಶಿಷ್ಯ. ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆಗಿ ದುಡಿಯುತ್ತಲೇ ಆತ ಸಂಶೋಧನೆ ನಡೆಸಿದ. ವಿದ್ಯುತ್ತಿನ ವಿಚಾರವನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಒಂದು ಪುಸ್ತಕವನ್ನೂ ಬರೆದು ಜನಪ್ರಿಯನಾದ.

ಆತನಿಗೆ ಮೊದಲ ಯಶಸ್ಸು ತಂದುಕೊಟ್ಟದ್ದು ಅಸಿಟಿಲೀನ್ ಅನಿಲ. ಅದು ಪ್ರಖರವಾಗಿ ಉರಿಯುತ್ತದೆ. ಆದರೆ ಒತ್ತಡಕ್ಕೆ ಒಳಪಡಿಸಿ ಸಿಲಿಂಡರಿಗೆ ತುಂಬಿದರೆ ಸ್ಫೋಟಗೊಳ್ಳುತ್ತದೆ. ಅಸಿಟೋನ್ ಎಂಬ ದ್ರವ ಅಸಿಟಿಲೀನನ್ನು ಯಥೇಚ್ಛವಾಗಿ ಹೀರಿಕೊಳ್ಳುತ್ತದೆ, ಹಾಗೆ ಕರಗಿಸಿಟ್ಟಾಗ ಅಪಾಯ ಬಹಳ ಕಡಿಮೆಯಾಗುತ್ತದೆ ಎಂಬುದನ್ನು ಆಲ್ಬರ್ಟ್ ಹೆಸ್ ಎಂಬಾತನೊಡನೆ ಸೇರಿ ಕ್ಲೋಡ್ 1890ರ ದಶಕದ ಉತ್ತರಾರ್ಧದಲ್ಲಿ ತೋರಿಸಿಕೊಟ್ಟ. ವೆಲ್ಡಿಂಗ್ ಅಂಗಡಿಗಳಲ್ಲಿ ಕಾಣುವ ಅಸಿಟಿಲೀನ್ ಸಿಲಿಂಡರುಗಳು ಇಂದಿಗೂ ಇದೇ ಉಪಾಯವನ್ನು ನೆಚ್ಚಿಕೊಂಡಿವೆ.

ಅಸಿಟಿಲೀನಿಗೆ ಆಮ್ಲಜನಕವನ್ನು ಬೆರೆಸಿದರೆ ಜ್ವಾಲೆ ಉಕ್ಕನ್ನೂ ಕರಗಿಸುವಷ್ಟು ತೀಕ್ಷ್ಣವಾಗುತ್ತದೆ. ಆದರೆ ಆ ಕಾಲದಲ್ಲಿ ಆಮ್ಲಜನಕ ದುಬಾರಿ ಸರಕು. ಅಗ್ಗದ ಆಮ್ಲಜನಕ ಬೇಕೆಂದರೆ ಎಲ್ಲೆಡೆ ಪುಕ್ಕಟೆಯಾಗಿ ಸಿಗುವ ಗಾಳಿಯಿಂದಲೇ ಅದನ್ನು ತೆಗೆಯಬೇಕು. ಗಾಳಿಯನ್ನು ಬೇರ್ಪಡಿಸಬೇಕೆಂದರೆ ಮೊದಲು ಅದನ್ನು ದ್ರವವಾಗಿಸಬೇಕು. ಕ್ಲೋಡ್ ಹೊರಟದ್ದು ಆ ದಾರಿಯಲ್ಲಿ.

ಗಾಳಿಯನ್ನು ದ್ರವವಾಗಿಸಿದ ಬಗೆ

ಜರ್ಮನಿಯ ಕಾರ್ಲ್ ವಾನ್ ಲಿಂಡೆ 1895ರ ಹೊತ್ತಿಗಾಗಲೇ ಗಾಳಿಯನ್ನು ದ್ರವೀಕರಿಸುವ ಯಂತ್ರ ಕಟ್ಟಿದ್ದ. ಆತನ ವಿಧಾನದಲ್ಲಿ ಅತಿಯಾಗಿ ಒತ್ತಿದ ಗಾಳಿಯನ್ನು ಕಿರಿದಾದ ರಂಧ್ರದ ಮೂಲಕ ಹೊರಬಿಡಲಾಗುತ್ತಿತ್ತು. ಹಿಗ್ಗಿದ ಗಾಳಿ ತುಸು ತಣ್ಣಗಾಗುತ್ತದೆ. ಆ ತಂಪನ್ನು ಮತ್ತೆ ಮತ್ತೆ ಕೂಡಿಸುತ್ತ ಹೋದರೆ ಕೊನೆಗೆ ಗಾಳಿ ದ್ರವವಾಗುತ್ತದೆ. ಕ್ಲೋಡ್ ಯೋಚಿಸಿದ್ದು ಬೇರೆ ಬಗೆ. ಹಿಗ್ಗುವ ಗಾಳಿ ಪಿಸ್ಟನ್ನನ್ನು ತಳ್ಳುವಂತೆ ಮಾಡಿ ಅದರಿಂದ ದುಡಿಮೆ ತೆಗೆದರೆ ಗಾಳಿ ತನ್ನ ಶಾಖವನ್ನೇ ವೆಚ್ಚಮಾಡಬೇಕಾಗುತ್ತದೆ. ಆಗ ಅದು ಹೆಚ್ಚು ತಣ್ಣಗಾಗುತ್ತದೆ. ಜೊತೆಗೆ ಪಿಸ್ಟನ್ನಿನಿಂದ ಸ್ವಲ್ಪ ಶಕ್ತಿಯೂ ಮರಳಿ ಸಿಗುತ್ತದೆ.

ಕಾಗದದ ಮೇಲೆ ಇದು ಸರಳ. ಯಂತ್ರದಲ್ಲಿ ಎದುರಾದ ತೊಡಕು ಕೀಲೆಣ್ಣೆಯದು. ಸೊನ್ನೆಗಿಂತ ನೂರಾರು ಡಿಗ್ರಿ ಕೆಳಗೆ ಯಾವ ಎಣ್ಣೆಯಾದರೂ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಆ ಚಳಿಯಲ್ಲೂ ಹೆಪ್ಪುಗಟ್ಟದ ಪೆಟ್ರೋಲಿಯಂ ಈಥರನ್ನು ಕೀಲೆಣ್ಣೆಯ ಬದಲಿಗೆ ಬಳಸಿ ಕ್ಲೋಡ್ ಆ ತೊಡಕನ್ನು ದಾಟಿದ. 1902ರಲ್ಲಿ ಆತನ ಯಂತ್ರ ದ್ರವಗಾಳಿಯನ್ನು ಕೊಟ್ಟಿತು. ಅದೇ ವರ್ಷ ಗೆಳೆಯ ಪೌಲ್ ಡೆಲೋರ್ಮ್ ಹಣ ಹೊಂದಿಸಿದ; ಏರ್ ಲಿಕ್ವಿಡ್ ಕಂಪನಿ ಹುಟ್ಟಿತು. ಔದ್ಯೋಗಿಕ ಅನಿಲಗಳ ಕ್ಷೇತ್ರದಲ್ಲಿ ಅದು ಇಂದಿಗೂ ಜಗತ್ತಿನ ಅತಿದೊಡ್ಡ ಸಂಸ್ಥೆಗಳಲ್ಲಿ ಒಂದು.

ದ್ರವಗಾಳಿಯಿಂದ ಆಮ್ಲಜನಕ, ಸಾರಜನಕಗಳನ್ನು ಬೇರ್ಪಡಿಸುವಾಗ ಇನ್ನೊಂದು ವಸ್ತು ತಾನಾಗಿ ಉಳಿಯುತ್ತಿತ್ತು. ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾರಜನಕ ಮೈನಸ್ 196ರಲ್ಲಿ ದ್ರವವಾಗುತ್ತವೆ. ಮೈನಸ್ 246ರವರೆಗೂ ಮಣಿಯದೆ ಅನಿಲವಾಗಿಯೇ ಉಳಿಯುವುದು ನಿಯಾನ್. ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮೋರಿಸ್ ಟ್ರಾವರ್ಸ್ 1898ರಲ್ಲಿ ಅದನ್ನು ಪತ್ತೆಹಚ್ಚಿದ್ದರು. ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ ನಿಯಾನ್ ಇರುವುದು ಸುಮಾರು 18 ಲೀಟರ್ ಮಾತ್ರ. ಪ್ರಯೋಗಶಾಲೆಗಳಿಗೆ ಅದು ಅಪೂರ್ವ ವಸ್ತು. ಹಗಲಿರುಳು ಗಾಳಿಯನ್ನು ಅರೆಯುತ್ತಿದ್ದ ಕ್ಲೋಡ್‌ನ ಕಾರ್ಖಾನೆಗೆ ಅದು ಬೇಡದ ಉಳಿಕೆ.

ಗಾಜಿನೊಳಗಿನ ಎರಡು ಶತ್ರುಗಳು

ವಿರಳಗೊಳಿಸಿದ ಅನಿಲದಲ್ಲಿ ವಿದ್ಯುತ್ ಹರಿಸಿದರೆ ಅದು ಬೆಳಗುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಜರ್ಮನಿಯ ಬಾನ್ ನಗರದಲ್ಲಿ ಗಾಜಿನ ಕುಶಲಕರ್ಮಿ ಹೈನ್ರಿಕ್ ಗೈಸ್ಲರ್ 1850ರ ದಶಕದಲ್ಲೇ ಅಂಥ ಅಂದದ ಕೊಳವೆಗಳನ್ನು ತಯಾರಿಸಿದ್ದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಡೇನಿಯಲ್ ಮೂರ್ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿದ ಉದ್ದನೆಯ ಕೊಳವೆಗಳಿಂದ ಅಂಗಡಿಗಳನ್ನು ಬೆಳಗಿಸಿದ. ಆದರೆ ಮೂರ್‌ನ ಕೊಳವೆಗಳು ಬೆಳಗುತ್ತ ಬೆಳಗುತ್ತ ತಮ್ಮೊಳಗಿನ ಅನಿಲವನ್ನೇ ಕಳೆದುಕೊಳ್ಳುತ್ತಿದ್ದವು. ಒಂದು ಕವಾಟದ ಮೂಲಕ ಅವುಗಳಿಗೆ ಆಗಾಗ ಅನಿಲ ಉಣಿಸಬೇಕಾಗುತ್ತಿತ್ತು.

ನಿಯಾನ್ ಯಾವುದರೊಂದಿಗೂ ಸಂಯೋಗ ಹೊಂದದ ಜಡ ಅನಿಲ. ಅದು ಹೀಗೆ ಸುಲಭವಾಗಿ ಕರಗಿಹೋಗದು ಎಂದು ಭಾವಿಸಬಹುದಿತ್ತು. ಆದರೂ ಕೊಳವೆಗಳು ಬಾಳಲಿಲ್ಲ. ಕ್ಲೋಡ್ ಕಂಡುಕೊಂಡ ಕಾರಣಗಳು ಎರಡು.

ಮೊದಲನೆಯದು ಕಲ್ಮಶ. ಗಾಜಿನ ಗೋಡೆಯಿಂದಲೂ ಒಳಗಿನ ಲೋಹದಿಂದಲೂ ಸಾರಜನಕ, ಜಲಜನಕದಂಥ ಅನ್ಯ ಅನಿಲಗಳು ಸೂಸುತ್ತವೆ. ಅವು ಕೊಂಚ ಬೆರೆತರೂ ಸಾಕು, ನಿಯಾನ್‌ನ ಹೊಳಪು ಕಂದುತ್ತದೆ. ಅವನ್ನು ಹೊರಹಾಕಲು ಕ್ಲೋಡ್ ತನ್ನ ಕೈಯಲ್ಲೇ ಇದ್ದ ದ್ರವಗಾಳಿಯನ್ನು ಬಳಸಿದ. ಅದರಲ್ಲಿ ತಂಪಾಗಿಸಿದ ಇದ್ದಿಲು ಅನ್ಯ ಅನಿಲಗಳನ್ನು ಹೀರಿಕೊಳ್ಳುತ್ತದೆ, ನಿಯಾನನ್ನು ಬಹುಪಾಲು ಬಿಟ್ಟುಬಿಡುತ್ತದೆ. ಕೊಳವೆಯನ್ನು ವಿದ್ಯುತ್ತಿನಿಂದ ಕಾಯಿಸಿ, ಒಳಗಿನ ಕೊಳೆಯನ್ನೆಲ್ಲ ಹೊರಡಿಸಿ, ಇದ್ದಿಲಿಗೆ ಕುಡಿಸಿ, ಆಮೇಲೆ ಅದರ ಬಾಯಿ ಮುಚ್ಚುವ ವಿಧಾನವನ್ನು ಆತ ರೂಪಿಸಿದ.

ಎರಡನೆಯದು ಲೋಹದ ಸವೆತ. ಕೊಳವೆಯ ಎರಡು ತುದಿಗಳಲ್ಲಿ ವಿದ್ಯುತ್ ಒಳಬರುವ ಲೋಹದ ಭಾಗಗಳಿಗೆ ವಿದ್ಯುದಗ್ರಗಳೆಂದು ಹೆಸರು. ಅನಿಲದ ವಿದ್ಯುದಾವೇಶಿತ ಕಣಗಳು ವೇಗವಾಗಿ ಬಂದು ಇವುಗಳಿಗೆ ಅಪ್ಪಳಿಸುತ್ತವೆ. ಹೊಡೆತಕ್ಕೆ ಸಿಡಿದ ಲೋಹದ ಕಣಗಳು ಗಾಜಿನ ಮೇಲೆ ಪದರವಾಗಿ ಕೂರುವಾಗ ನಿಯಾನ್ ಪರಮಾಣುಗಳನ್ನೂ ಹೂತುಹಾಕುತ್ತವೆ. ಹಾಗಾಗಿ ಜಡ ಅನಿಲವೂ ಕ್ರಮೇಣ ಕ್ಷಯಿಸುತ್ತದೆ. ಕ್ಲೋಡ್ ವಿದ್ಯುದಗ್ರಗಳನ್ನು ದೊಡ್ಡದಾಗಿಸಿದ. ಪ್ರತಿ ಆಂಪಿಯರ್ ವಿದ್ಯುತ್ತಿಗೆ 150 ಚದರ ಸೆಂಟಿಮೀಟರಿಗಿಂತ ಹೆಚ್ಚು ಮೇಲ್ಮೈ ಇದ್ದರೆ ಹೊಡೆತ ಹಂಚಿಹೋಗಿ ಸವೆತ ಅತ್ಯಲ್ಪವಾಗುತ್ತದೆ ಎಂಬುದು ಆತನ ಶೋಧ. 1915ರ ಜನವರಿಯಲ್ಲಿ ದೊರೆತ ಅಮೆರಿಕದ ಪೇಟೆಂಟಿನ ತಿರುಳು ಇದೇ ಅಳತೆ. ಕೋಟ್ಯಂತರ ಡಾಲರುಗಳ ವ್ಯಾಪಾರ ನಿಂತದ್ದು ಈ ಒಂದು ಅಂಕಿಯ ಮೇಲೆ.

ದೀಪ ಹೋಗಿ ಜಾಹೀರಾತು ಬಂತು

ಮನೆ, ಕಚೇರಿಗಳನ್ನು ಬೆಳಗಿಸುವ ದೀಪವಾಗಿ ನಿಯಾನ್ ಬಳಕೆಗೆ ಬರಬೇಕೆಂಬುದು ಕ್ಲೋಡ್‌ನ ಆಸೆಯಾಗಿತ್ತು. ಆದರೆ ಕೆಂಪು ಬೆಳಕಿನಲ್ಲಿ ಮನುಷ್ಯರ ಮುಖವಾಗಲಿ ಊಟದ ತಟ್ಟೆಯಾಗಲಿ ಸಹಜವಾಗಿ ಕಾಣುವುದಿಲ್ಲ. ಆ ದೋಷವೇ ಗುಣವಾಗಬಲ್ಲ ಜಾಗವನ್ನು ಗುರುತಿಸಿದವನು ಆತನ ಸಹವರ್ತಿ ಜಾಕ್ ಫೋನ್ಸೆಕ್. ಕೊಳವೆಯನ್ನು ಕಾಯಿಸಿ ಅಕ್ಷರಗಳ ಆಕಾರಕ್ಕೆ ಬಗ್ಗಿಸಿದರೆ ಅದು ಮಂಜಿನಲ್ಲೂ ದೂರದಿಂದಲೂ ಕಣ್ಣಿಗೆ ಹೊಡೆಯುವ ನಾಮಫಲಕವಾಗುತ್ತದೆ. 1912ರಲ್ಲಿ ಪ್ಯಾರಿಸ್ಸಿನ ಮಾಂಮಾರ್ತ್ರ್ ಬುಲ್ವಾರ್ ರಸ್ತೆಯ ಕ್ಷೌರದಂಗಡಿಯೊಂದರ ಮುಂದೆ ಮೊದಲ ಫಲಕ ಬೆಳಗಿತು. ಮರುವರ್ಷ ಸಿಂಜಾನೊ ಪಾನೀಯದ ದೊಡ್ಡ ಜಾಹೀರಾತು ಬಂತು. 1919ರಲ್ಲಿ ಪ್ಯಾರಿಸ್ ಒಪೇರಾ ಭವನದ ಪ್ರವೇಶದ್ವಾರಕ್ಕೂ ನಿಯಾನ್ ಅಲಂಕಾರವಾಯಿತು.

ಆರ್ಗಾನ್ ಜೊತೆಗೆ ಪಾದರಸ ಸೇರಿಸಿದಾಗ ನೀಲಿ ದೊರೆಯಿತು. ಆ ನೀಲಿಗೆ ಹಳದಿ ಗಾಜು ತೊಡಿಸಿದಾಗ ಹಸಿರು ಕಾಣಿಸಿತು. 1920ರ ದಶಕದಲ್ಲಿ ಕ್ಲೋಡ್ ನಿಯಾನ್ ಹೆಸರಿನ ಕಂಪನಿಗಳು ಪರವಾನಗಿ ಪಡೆದು ಅಮೆರಿಕದುದ್ದಕ್ಕೂ ವ್ಯಾಪಿಸಿದವು. 1932ರಲ್ಲಿ ಪೇಟೆಂಟಿನ ಅವಧಿ ಮುಗಿಯುವವರೆಗೆ ಆ ಮಾರುಕಟ್ಟೆಯಲ್ಲಿ ಆತನದೇ ಪಾರಮ್ಯ.

ಯುದ್ಧ ಮತ್ತು ಕೀರ್ತಿ

ಈ ನಡುವೆ ಮೊದಲ ಮಹಾಯುದ್ಧ ಬಂದುಹೋಗಿತ್ತು. ಅನಿಲಗಳನ್ನು ದ್ರವವಾಗಿಸುವ ಕಲೆ ಯುದ್ಧಭೂಮಿಗೂ ಬೇಕಾಯಿತು. ವಿಷಾನಿಲ ದಾಳಿಗೆ ಬೇಕಾದ ಕ್ಲೋರಿನ್ ದ್ರವೀಕರಣದ ಕೆಲಸದಲ್ಲಿ ಕ್ಲೋಡ್ ಫ್ರೆಂಚ್ ಸೇನೆಗೆ ನೆರವಾದ. ಆಸ್ಪತ್ರೆಗೆ ಆಮ್ಲಜನಕವನ್ನೂ ಬೀದಿಗೆ ಬೆಳಕನ್ನೂ ಒದಗಿಸಿದ ಅದೇ ವಿದ್ಯೆ ಕಂದಕಗಳಲ್ಲಿದ್ದ ಸೈನಿಕರ ಉಸಿರು ಕಟ್ಟಿಸುವುದಕ್ಕೂ ಒದಗಿತು. ದೇಶ ಅದನ್ನು ಸೇವೆಯೆಂದೇ ಎಣಿಸಿತು.

ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ವಿಧಾನದಲ್ಲೂ ಆತ ಜರ್ಮನರೊಂದಿಗೆ ಸ್ಪರ್ಧೆಗಿಳಿದ. ಹೇಬರ್ ಮತ್ತು ಬಾಷ್ ವಾತಾವರಣದ ಸುಮಾರು 200 ಪಟ್ಟು ಒತ್ತಡ ಬಳಸುತ್ತಿದ್ದರೆ ಕ್ಲೋಡ್ ಸುಮಾರು 900 ಪಟ್ಟಿಗೆ ಏರಿಸಿದ. ಅಷ್ಟು ಒತ್ತಡ ತಾಳುವ ಉಪಕರಣ ಕಟ್ಟುವುದು ಅಸಾಧ್ಯವೆಂಬ ಮಾತಿಗೆ ಆತ ಕಿವಿಗೊಡಲಿಲ್ಲ. 1924ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಆತನನ್ನು ಸದಸ್ಯನಾಗಿ ಆರಿಸಿತು.

ಕಡಲಿಗೆ ಸುರಿದ ಸಂಪತ್ತು

ಹಣ, ಹೆಸರು ಎರಡೂ ಇದ್ದ ಆತ ವಿಶ್ರಾಂತಿಯ ವಯಸ್ಸಿನಲ್ಲಿ ಕಡಲಿನತ್ತ ತಿರುಗಿದ. ಉಷ್ಣವಲಯದ ಸಮುದ್ರದ ಮೇಲ್ಪದರ ಬೆಚ್ಚಗಿರುತ್ತದೆ, ಆಳದ ನೀರು ತಣ್ಣಗಿರುತ್ತದೆ. ಈ ಅಂತರದಿಂದ ಶಕ್ತಿ ಪಡೆಯಬಹುದೆಂದು 1881ರಲ್ಲೇ ಸೂಚಿಸಿದ್ದವನು ಕ್ಲೋಡ್‌ಗೆ ಗುರುವೂ ಮಿತ್ರನೂ ಆಗಿದ್ದ ಜಾಕ್ ದಾರ್ಸೊನ್ವಾಲ್. ಕ್ಲೋಡ್ ಅದನ್ನು ಕೈಗೆತ್ತಿಕೊಂಡ. ಬೆಚ್ಚಗಿನ ನೀರನ್ನು ಗಾಳಿ ತೆಗೆದ ಪಾತ್ರೆಗೆ ಬಿಟ್ಟರೆ ಒತ್ತಡವಿಲ್ಲದ ಕಾರಣ ಅದು ಕುದಿದು ಆವಿಯಾಗುತ್ತದೆ. ಆವಿ ಟರ್ಬೈನನ್ನು ತಿರುಗಿಸುತ್ತದೆ. ಆಳದ ತಣ್ಣೀರು ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ.

ಬೆಲ್ಜಿಯಂನ ಊಗ್ರೇ ಎಂಬಲ್ಲಿ 1928ರಲ್ಲಿ ಪ್ರಾಥಮಿಕ ಪ್ರಯೋಗ ಮುಗಿಸಿ ಆತ ಕ್ಯೂಬಾದ ಮತಾನ್ಸಾಸ್ ಕೊಲ್ಲಿಗೆ ಹೊರಟ. ಅಲ್ಲಿ ಆಳಕ್ಕೆ ಇಳಿಬಿಡಬೇಕಾಗಿದ್ದ ಪೈಪಿನ ವ್ಯಾಸ ಸುಮಾರು 1.6 ಮೀಟರ್, ಉದ್ದ ಸುಮಾರು 2 ಕಿಲೋಮೀಟರ್. ಮೊದಲ ಎರಡು ಪೈಪುಗಳು ಕೈತಪ್ಪಿ ಸಮುದ್ರದ ಪಾಲಾದವು. ಮೂರನೆಯದು ನಿಂತಿತು. 1930ರಲ್ಲಿ ಸ್ಥಾವರ 22 ಕಿಲೋವಾಟ್ ವಿದ್ಯುತ್ ಕೊಟ್ಟಿತು. ಆದರೆ ಪಂಪುಗಳಿಗೆ ಬೇಕಾಗುತ್ತಿದ್ದ ಶಕ್ತಿ ಅದಕ್ಕಿಂತ ಹೆಚ್ಚು. ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಎಲ್ಲವೂ ಹಾಳಾಯಿತು. 1930ರ ದಶಕದ ಮಧ್ಯಭಾಗದಲ್ಲಿ ಲಾ ಟ್ಯುನಿಸಿ ಎಂಬ ಸರಕು ಹಡಗಿನ ಮೇಲೆ ಇನ್ನೊಂದು ಸ್ಥಾವರ ಕಟ್ಟಿ ಬ್ರೆಜಿಲ್ ಕರಾವಳಿಗೆ ಒಯ್ದ. ಅದನ್ನೂ ಕಡಲು ಉಳಿಯಗೊಡಲಿಲ್ಲ. ನಿಯಾನ್ ಗಳಿಸಿಕೊಟ್ಟ ಸಂಪತ್ತಿನ ಬಹುಭಾಗ ಹೀಗೆ ನೀರುಪಾಲಾಯಿತು.

ಆದರೂ ಆ ಯತ್ನ ವ್ಯರ್ಥವಾಯಿತೆನ್ನುವಂತಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ಸ್ಥಾಪಿಸಿದ, ದಿನಕ್ಕೆ 1 ಲಕ್ಷ ಲೀಟರ್ ಸಾಮರ್ಥ್ಯದ ಸಿಹಿನೀರಿನ ಘಟಕ ದುಡಿಯುವುದು ಇದೇ ತತ್ವದಿಂದ. ಬೆಚ್ಚಗಿನ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದ ತಣ್ಣೀರಿನಿಂದ ತಂಪುಗೊಳಿಸಿದರೆ ದೊರೆಯುವುದು ಉಪ್ಪಿಲ್ಲದ ನೀರು.

ಸೆರೆಮನೆಯ ದಾರಿ

ಕ್ಲೋಡ್‌ನ ಬದುಕಿನ ಕರಾಳ ಅಧ್ಯಾಯ ಆರಂಭವಾದದ್ದು ರಾಜಕೀಯದಿಂದ. ಚುನಾಯಿತ ಗಣರಾಜ್ಯದ ಮೇಲೆ ಆತನಿಗೆ ವಿಶ್ವಾಸವಿರಲಿಲ್ಲ. ರಾಜಪ್ರಭುತ್ವ ಮರಳಬೇಕೆಂದು ವಾದಿಸುತ್ತಿದ್ದ ಆಕ್ಸಿಯಾನ್ ಫ್ರಾನ್ಸೇಸ್ ಸಂಘಟನೆಯನ್ನು ಬೆಂಬಲಿಸಿ 1928ರಲ್ಲಿ ಚುನಾವಣೆಗೆ ನಿಂತು ಸೋತ. 1940ರಲ್ಲಿ ಜರ್ಮನ್ ಸೇನೆ ಫ್ರಾನ್ಸನ್ನು ವಶಪಡಿಸಿಕೊಂಡಾಗ ಎಪ್ಪತ್ತರ ಹೊಸ್ತಿಲಲ್ಲಿದ್ದ ಆತ ಸುಮ್ಮನಿರಬಹುದಿತ್ತು. ಬದಲಿಗೆ, ಆಕ್ರಮಿಸಿದವರೊಂದಿಗೆ ಸಹಕರಿಸಬೇಕೆಂದು ಬಹಿರಂಗ ಸಭೆಗಳಲ್ಲಿ ಉಪನ್ಯಾಸ ಮಾಡಿದ. ಆ ಉಪನ್ಯಾಸಗಳು ಪುಸ್ತಿಕೆಗಳಾಗಿಯೂ ಹಂಚಿಕೆಯಾದವು. ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದ ವರ್ಷಗಳವು. ಅಕಾಡೆಮಿ ಸದಸ್ಯನೆಂಬ ಘನತೆ ಆತನ ಮಾತಿಗೆ ತೂಕ ಕೊಟ್ಟಿತ್ತು. ಹಾನಿಯೂ ಅದೇ ಪ್ರಮಾಣದ್ದು.

1944ರಲ್ಲಿ ಪ್ಯಾರಿಸ್ ಬಿಡುಗಡೆಯಾದ ದಿನಗಳಲ್ಲಿ ಆತ ಬಂಧನದಲ್ಲಿದ್ದ. ಅಕಾಡೆಮಿ ಆತನ ಹೆಸರನ್ನು ಹೊಡೆದುಹಾಕಿತು. 1945ರ ಜೂನ್‌ನಲ್ಲಿ ನ್ಯಾಯಾಲಯ ಜೀವಾವಧಿ ಸೆರೆವಾಸ ವಿಧಿಸಿತು. ಜರ್ಮನರ ವಿ-1 ಹಾರುಬಾಂಬಿನ ತಯಾರಿಕೆಗೆ ನೆರವಾದನೆಂಬ ಆರೋಪ ನಿಲ್ಲಲಿಲ್ಲ. ಶತ್ರುಪರ ಪ್ರಚಾರದ ಆರೋಪ ನಿಂತಿತು. ಆಗ ಆತನಿಗೆ 74 ವರ್ಷ. ಕಡಲಿನ ಶಾಖಶಕ್ತಿಯ ಬಗೆಗಿನ ಆತನ ಸಂಶೋಧನೆಯನ್ನು ಪರಿಗಣಿಸಿ 1950ರಲ್ಲಿ ಬಿಡುಗಡೆ ಮಾಡಲಾಯಿತು. 1960ರ ಮೇ 23ರಂದು ಪ್ಯಾರಿಸ್ ಹೊರವಲಯದ ಸೇಂಟ್ ಕ್ಲೌಡ್‌ನಲ್ಲಿ ಕೊನೆಯುಸಿರೆಳೆದಾಗ ಆತನಿಗೆ 89 ವರ್ಷ.

ಕೊಳವೆಯಿಂದ ಹಲಗೆಗೆ

ಆತ ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಿಯಾನ್‌ಗೆ ಎರಡನೇ ಜನ್ಮ ದೊರೆಯಿತು. ಪ್ಲೇಟೊ ಎಂಬ ಹೆಸರಿನ ಕಂಪ್ಯೂಟರ್ ಪಾಠವ್ಯವಸ್ಥೆಗೆ ಚಿತ್ರವನ್ನು ತಾನೇ ನೆನಪಿಟ್ಟುಕೊಳ್ಳುವ ಪರದೆ ಬೇಕಿತ್ತು. ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಉದ್ದನೆಯ ಕೊಳವೆಯನ್ನು ಬಿಟ್ಟು ಎರಡು ಗಾಜಿನ ಹಾಳೆಗಳ ನಡುವಿನ ತೆಳುವಾದ ಸಂದಿಯಲ್ಲಿ ಅನಿಲ ತುಂಬಿದರು. ಒಂದು ಹಾಳೆಯಲ್ಲಿ ಅಡ್ಡಗೆರೆಗಳಾಗಿ, ಇನ್ನೊಂದರಲ್ಲಿ ಉದ್ದಗೆರೆಗಳಾಗಿ ವಿದ್ಯುದಗ್ರಗಳು. ಎರಡು ಗೆರೆಗಳು ಸಂಧಿಸುವ ಒಂದೊಂದು ಸ್ಥಳವೂ ಬೇಕೆಂದಾಗ ಬೆಳಗುವ ಒಂದೊಂದು ಚುಕ್ಕಿ. 1970ರ ದಶಕದ ಆರಂಭಕ್ಕೆ ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕಿಗಳ ಪರದೆಗಳು ಬಳಕೆಗೆ ಬಂದವು. ಅವುಗಳ ಬಣ್ಣ 1910ರಲ್ಲಿ ಪ್ಯಾರಿಸ್ ಕಂಡ ಅದೇ ಕಿತ್ತಳೆ.

ಕ್ಲೋಡ್‌ನನ್ನು ಕಾಡಿದ ಇಬ್ಬರು ಶತ್ರುಗಳೂ ಇಲ್ಲಿ ಮತ್ತೆ ಎದುರಾದರು. ಚುಕ್ಕಿಯಷ್ಟು ಜಾಗದಲ್ಲಿ ದೊಡ್ಡ ವಿದ್ಯುದಗ್ರಕ್ಕೆ ಸ್ಥಳವಿಲ್ಲ. ಆದ್ದರಿಂದ ವಿದ್ಯುದಗ್ರಗಳನ್ನು ಗಾಜಿನ ಪದರದಿಂದ ಮುಚ್ಚಿ, ದಿಕ್ಕು ಬದಲಿಸುವ ಎಸಿ ವಿದ್ಯುತ್ ಬಳಸಲಾಯಿತು. ಕಣಗಳ ಹೊಡೆತಕ್ಕೆ ಆ ಗಾಜೂ ಸವೆಯತೊಡಗಿದಾಗ ಅದರ ಮೇಲೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೇ ದಪ್ಪದ ಮೆಗ್ನೀಸಿಯಂ ಆಕ್ಸೈಡ್ ಲೇಪ ಬಂತು. ಅದು ಸವೆತವನ್ನು ತಡೆಯುತ್ತದೆ. ತಾನೇ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕಡಿಮೆ ವೋಲ್ಟೇಜಿನಲ್ಲಿ ಚುಕ್ಕಿ ಹೊತ್ತಿಕೊಳ್ಳಲೂ ನೆರವಾಗುತ್ತದೆ.

ಕಲ್ಮಶದ ಪರಿಹಾರವೂ ಹಳೆಯದೇ. ಪರದೆಯ ಹಾಳೆಗಳನ್ನು ಅಂಚಿನಲ್ಲಿ ಬೆಸೆದ ಬಳಿಕ ಕುಲುಮೆಯಲ್ಲಿ ಕಾಯಿಸುತ್ತ, ಗಾಜಿನಲ್ಲಿ ಅಡಗಿದ ತೇವ ಮತ್ತು ಅನ್ಯ ಅನಿಲಗಳನ್ನು ಪಂಪಿನಿಂದ ಹೊರಗೆಳೆದು, ಆಮೇಲೆ ನಿಯಾನ್ ಮತ್ತು ಕ್ಸೆನಾನ್ ಮಿಶ್ರಣವನ್ನು ತುಂಬಿ ಮುಚ್ಚಲಾಗುತ್ತಿತ್ತು. ಬಣ್ಣದ ಟಿವಿಯಲ್ಲಿ ಕ್ಸೆನಾನ್ ಹೊರಸೂಸುವ ಅತಿನೇರಳೆ ಕಿರಣ ಕೆಂಪು, ಹಸಿರು, ನೀಲಿ ಫಾಸ್ಫರ್ ಪುಡಿಗಳನ್ನು ಬೆಳಗಿಸುತ್ತದೆ. ನಿಯಾನ್‌ನ ಸ್ವಂತ ಕಿತ್ತಳೆ ಬೆಳಕು ಅಲ್ಲಿ ಬಣ್ಣಗಳನ್ನು ಕೆಡಿಸುವ ಕಾರಣ ಅದನ್ನು ಹೀರುವ ಶೋಧಕವನ್ನು ಪರದೆಯ ಮುಂದೆ ಇಡಬೇಕಾಯಿತು. ಒಂದು ಕಾಲಕ್ಕೆ ಮಹಾನಗರಗಳನ್ನು ಮರುಳು ಮಾಡಿದ ಬಣ್ಣ ಇಲ್ಲಿ ಅಡಗಿಸಬೇಕಾದ ಬಣ್ಣವಾಯಿತು.

1997ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ 42 ಇಂಚಿನ ಪ್ಲಾಸ್ಮಾ ಟಿವಿಗಳು ಒಂದು ದಶಕ ದೊಡ್ಡ ಪರದೆಯ ರಾಜನಂತೆ ಮೆರೆದವು. ಅಗ್ಗವಾದ ಎಲ್‌ಸಿಡಿ ಪರದೆಗಳೆದುರು ಅವು ನಿಲ್ಲಲಾರದೆ ಹೋದವು. ಪ್ಯಾನಸೋನಿಕ್ 2013ರಲ್ಲಿ, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ತಯಾರಿಕೆಯನ್ನು ಕೈಬಿಟ್ಟವು. ಇಂದು ಅಂಗಡಿಗಳ ಮುಂದೆ ನಿಯಾನ್ ಎಂಬ ಹೆಸರಿನಲ್ಲಿ ಮಿನುಗುವ ಬಹುತೇಕ ಫಲಕಗಳೂ ಎಲ್‌ಇಡಿ ಪಟ್ಟಿಗಳೇ. ಅವುಗಳಲ್ಲಿ ನಿಯಾನ್ ಇಲ್ಲ, ಹೆಸರಷ್ಟೇ ಉಳಿದಿದೆ.

ಕ್ಲೋಡ್‌ನ ಗಾಳಿ ಬೇರ್ಪಡಿಸುವ ವಿದ್ಯೆಗೆ ಮಾತ್ರ ಮುಪ್ಪು ಬಂದಿಲ್ಲ. ಉಕ್ಕಿನ ಕಾರ್ಖಾನೆಗೂ ಆಸ್ಪತ್ರೆಯ ಹಾಸಿಗೆಗೂ ತಲುಪುವ ಆಮ್ಲಜನಕದ ಹಿಂದೆ ಹಿಗ್ಗುವ ಗಾಳಿಯಿಂದ ದುಡಿಮೆ ತೆಗೆಯುವ ಆತನ ತತ್ವ ಇಂದೂ ಇದೆ. ಗಾಜಿನೊಳಗಿನ ಕಲ್ಮಶವನ್ನು ಲವಲೇಶವೂ ಸಹಿಸದ ಆ ವಿಜ್ಞಾನಿ ನಾಡಿಗೆ ಸಂಕಟ ಬಂದ ಗಳಿಗೆಯಲ್ಲಿ ವಿಷಕ್ಕೆ ದನಿಯಾದ. ಫ್ರಾನ್ಸ್ ಆತನನ್ನು ಶಿಕ್ಷಿಸಿತು, ಆತನ ಯಂತ್ರಗಳನ್ನು ಉಳಿಸಿಕೊಂಡಿತು. ಎರಡೂ ನ್ಯಾಯವೇ. ಆತನ ಚರಿತ್ರೆಯನ್ನು ಹೇಳುವಾಗ ಬೆಳಕಿನ ಪುಟವನ್ನಾಗಲಿ ಸೆರೆಮನೆಯ ಪುಟವನ್ನಾಗಲಿ ಹರಿದುಹಾಕಲು ಬರುವುದಿಲ್ಲ.